ಪೋಯೆಮ್‌ಗೆ ಮುಂಚೆ ಅನ್ನನಾಳ ಖಾಲಿ ಮಾಡಿಕೊಳ್ಳುವುದು ಹೇಗೆ?

ಅಕಲೇಸಿಯಾ ಅನ್ನುವ ಅನ್ನನಾಳದ ಕಾಯಿಲೆ ಇದ್ದವರಿಗೆ ನುಂಗುವಾಗ ಅನ್ನನಾಳದ ಕೆಳತುದಿಯ ಸ್ನಾಯು ಸಡಿಲವಾಗುವುದಿಲ್ಲ. ಅನ್ನ ಇರಲಿ, ನೀರೂ ಎದೆಯಲ್ಲೇ ನಿಲ್ಲುತ್ತದೆ. ಇದನ್ನು ಗ್ಯಾಸ್ಟ್ರಿಕ್ ಅಂದುಕೊಂಡು ವರ್ಷಗಟ್ಟಲೆ ಮಾತ್ರೆ ನುಂಗುವವರಿದ್ದಾರೆ. ಹೊಟ್ಟೆ ಕೊಯ್ಯದೆ, ಬಾಯಿಂದ ಎಂಡೋಸ್ಕೋಪ್ ಇಳಿಸಿ ಆ ಸ್ನಾಯುವನ್ನು ಕತ್ತರಿಸುವ ಚಿಕಿತ್ಸೆಯೇ ಪೋಯೆಮ್. ಜಪಾನಿನ ಡಾ. ಹರುಹಿರೊ ಇನೌಎ 2008ರಲ್ಲಿ ಇದನ್ನು ಮೊದಲು ರೋಗಿಗೆ ಮಾಡಿದರು.

ಮೊದಲು ಎಂಡೋಸ್ಕೋಪಿ, ಬೇರಿಯಂ ಎಕ್ಸ್‌-ರೇ, ಮ್ಯಾನೋಮೆಟ್ರಿ (ಅನ್ನನಾಳದ ಒಳಗಿನ ಒತ್ತಡ ಅಳೆಯುವ ಪರೀಕ್ಷೆ) ಮಾಡಿಸಿ. ಮೂಗಿನಿಂದ ನಳಿಕೆ ಹಾಕುತ್ತಾರೆ ಅಂತ ಮ್ಯಾನೋಮೆಟ್ರಿ ತಪ್ಪಿಸಬೇಡಿ. ಸ್ನಾಯುವನ್ನು ಎಷ್ಟು ಉದ್ದ ಕತ್ತರಿಸಬೇಕು ಅನ್ನುವುದಕ್ಕೆ ಅದು ಬೇಕು. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಔಷಧಿ ಇದ್ದರೆ ವೈದ್ಯರಿಗೆ ಹೇಳಿ. ನೀವೇ ನಿಲ್ಲಿಸಬೇಡಿ.

ಈಗ ಬಹಳ ಜನ ಎಡವುವ ಹಂತ. ‘ರಾತ್ರಿ ಊಟ ಬಿಟ್ಟಿದ್ದೀನಲ್ಲ’ ಅಂದರೆ ಸಾಲದು. ಮೊನ್ನೆ ತಿಂದ ಅನ್ನವೂ ಅನ್ನನಾಳದಲ್ಲಿ ಕೂತಿರಬಹುದು. ಅರಿವಳಿಕೆ ಕೊಟ್ಟಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಅದಕ್ಕೇ ಸಾಮಾನ್ಯವಾಗಿ ಒಂದೆರಡು ದಿನ ಮುಂಚಿನಿಂದ ಬರೀ ತೆಳು ದ್ರವ. ಅನ್ನನಾಳ ತುಂಬ ಹಿಗ್ಗಿದ್ದರೆ ಇನ್ನೂ ಜಾಸ್ತಿ ದಿನ. ನನ್ನ ಆಯ್ಕೆ ಸೋಸಿದ ತಿಳಿಸಾರು ಮತ್ತು ನಿಂಬೆ ಪಾನಕ. ಅಗುಳು ಬಿದ್ದ ಗಂಜಿ ದ್ರವವಲ್ಲ. ರಾಗಿ ಅಂಬಲಿಯೂ ಬೇಡ, ತಳದಲ್ಲಿ ಕೆಸರಾಗಿ ಕೂರುತ್ತದೆ. ಡಬ್ಬಿಯಲ್ಲಿ ಬರುವ ಪ್ರೋಟೀನ್ ಪುಡಿಯನ್ನಂತೂ ಮುಟ್ಟಬೇಡಿ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಕೊಳ್ಳುವ ಅಡ್ಡದಾರಿಯೂ ಬೇಡ. ಕೂತೇ ಕುಡಿಯಿರಿ. ರಾತ್ರಿ ಸುಮ್ನೆ ದಿಂಬು ಪೇರಿಸಿದರೆ ಕುತ್ತಿಗೆ ಮಾತ್ರ ಬಗ್ಗುತ್ತದೆ. ಮಂಚದ ತಲೆಕಡೆಯ ಕಾಲುಗಳಿಗೆ ಇಟ್ಟಿಗೆ ಕೊಡಿ. ಕೊನೆಯ ಉಪವಾಸ ಎಷ್ಟು ಗಂಟೆ ಅಂತ ಆಸ್ಪತ್ರೆಯವರು ಹೇಳುತ್ತಾರೆ. ಆಮೇಲೂ ಎದೆಯಲ್ಲಿ ಏನೋ ನಿಂತಂತಿದ್ದರೆ ಬಾಯಿಬಿಟ್ಟು ಹೇಳಿ. ಅರಿವಳಿಕೆಗೆ ಮುಂಚೆ ನಳಿಕೆ ಹಾಕಿ ಹೀರಿ ತೆಗೆಯುತ್ತಾರೆ. ಅನ್ನನಾಳದಲ್ಲಿ ಬಿಳಿ ಫಂಗಸ್ ಕಂಡರೆ ಔಷಧಿ ಕೊಟ್ಟು ದಿನಾಂಕ ಮುಂದೂಡಬಹುದು, ಜಗಳ ಮಾಡಬೇಡಿ.

ಉಳಿದದ್ದು ವೈದ್ಯರ ಕೆಲಸ. ಅನ್ನನಾಳದ ಒಳಪದರವನ್ನು ಸ್ವಲ್ಪ ಸೀಳಿ, ಅದರಡಿ ಸುರಂಗ ಮಾಡಿ, ಸ್ನಾಯು ಕತ್ತರಿಸಿ, ಸೀಳಿಗೆ ಕ್ಲಿಪ್ ಹಾಕುತ್ತಾರೆ.

ಮನೆಗೆ ಬಂದ ಮೇಲೆ ಮೊದಲು ದ್ರವ, ಆಮೇಲೆ ಮೆತ್ತನೆಯ ಊಟ. ಚಪಾತಿಗೆ ಅವಸರ ಬೇಡ. ಜ್ವರ, ಎದೆನೋವು, ಉಸಿರಾಟದ ತೊಂದರೆ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಸ್ನಾಯು ಸಡಿಲವಾದ ಮೇಲೆ ಹೊಟ್ಟೆಯ ಆಮ್ಲ ಮೇಲೆ ಬರುವುದು ಸಾಮಾನ್ಯ, ಕೆಲವರಿಗೆ ಉರಿಯೂ ಗೊತ್ತಾಗುವುದಿಲ್ಲ. ಹಾಗಾಗಿ ಚೆನ್ನಾಗಿ ನುಂಗುತ್ತಿದ್ದೀನಿ ಅಂತ ವೈದ್ಯರು ಕೊಟ್ಟ ಆಮ್ಲ ತಗ್ಗಿಸುವ ಮಾತ್ರೆ ಬಿಡಬೇಡಿ, ಮರುಪರೀಕ್ಷೆಯನ್ನೂ ತಪ್ಪಿಸಬೇಡಿ.