ಕೂಪನ್ ಕಾಲದ ಕಾಫಿ ಮಾಡಿ ನೋಡಿದೆ

ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ನಮ್ಮದೊಂದು ಬಾಡಿಗೆ ಕೈತೋಟವಿದೆ. ಪಕ್ಕದ ತೋಟದ ಅಜ್ಜಿಗೆ ತೊಂಬತ್ತರ ಹತ್ತಿರ ವಯಸ್ಸು. ಕಳೆದ ಸೆಪ್ಟೆಂಬರ್‌ನಲ್ಲಿ ಅವರು ಒಂದು ಹಳೆಯ ಬಿಸ್ಕತ್ ಡಬ್ಬಿ ತಂದು ತೋರಿಸಿದರು. ಒಳಗೆ ಅವರ ತಾಯಿ ಜೋಪಾನವಾಗಿ ಇಟ್ಟಿದ್ದ ರೇಷನ್ ಕಾರ್ಡು. ಅಂಚೆಚೀಟಿಯಂಥ ಪುಟ್ಟ ಪುಟ್ಟ ಚೌಕಗಳು, ಅರ್ಧಕ್ಕರ್ಧ ಕತ್ತರಿಸಿ ಹೋಗಿದ್ದವು.

ರೇಷನ್ ಅಂದರೆ ನಮಗೆ ನ್ಯಾಯಬೆಲೆ ಅಂಗಡಿ, ಅಗ್ಗದ ಅಕ್ಕಿ ನೆನಪಾಗುತ್ತದೆ ಅಲ್ವಾ? ಇಲ್ಲಿ ಹಾಗಲ್ಲ. ಕೂಪನ್ ಬಡವರಿಗೆಂದು ಇದ್ದದ್ದಲ್ಲ, ಎಲ್ಲರಿಗೂ ಇತ್ತು. ದುಡ್ಡೂ ಕೊಡಬೇಕು, ಕೂಪನ್ನೂ ಕೊಡಬೇಕು.

ಎರಡನೇ ಮಹಾಯುದ್ಧಕ್ಕೆ ಸ್ವೀಡನ್ ಇಳಿಯಲಿಲ್ಲ. ಆದರೂ 1940ರ ಮಾರ್ಚ್‌ನಲ್ಲಿ ಕಾಫಿಗೆ ರೇಷನ್ ಬಂತು. ಏಪ್ರಿಲ್ 9ರಂದು ಜರ್ಮನಿ ಡೆನ್ಮಾರ್ಕ್ ಮತ್ತು ನಾರ್ವೆಯ ಮೇಲೆ ನುಗ್ಗಿತು. ಪಶ್ಚಿಮದ ಸಮುದ್ರದಾರಿ ಮುಚ್ಚಿತು. ಬ್ರೆಜಿಲ್ ಕಾಫಿ ಬರುತ್ತಿದ್ದದ್ದೇ ಆ ದಾರಿಯಲ್ಲಿ. ಆಮೇಲೆ ಸಕ್ಕರೆ, ಹಿಟ್ಟು, ಮಾಂಸ ಒಂದೊಂದಾಗಿ ಕೂಪನ್‌ಗೆ ಸೇರಿದವು. ಕಾಫಿಗೆ 1945ರಲ್ಲಿ ಬಿಡುಗಡೆ ಸಿಕ್ಕಿತು, 1947ರಲ್ಲಿ ಮತ್ತೆ ರೇಷನ್ ಬಂತು, 1951ಕ್ಕೆ ಮುಗಿಯಿತು.

"ಕೂಪನ್ ಮುಗಿದ ಮೇಲೆ ಏನು ಕುಡೀತಿದ್ರಿ?" ಎಂದು ಕೇಳಿದೆ. ಅಜ್ಜಿ ನನ್ನ ಮಡಿಯಲ್ಲಿದ್ದ ಡ್ಯಾಂಡೆಲಿಯನ್ ಎಂಬ ಹಳದಿ ಹೂವಿನ ಕಳೆಯತ್ತ ಬೆರಳು ತೋರಿಸಿದರು. ಜನ ಇದರ ಬೇರು, ಚಿಕೋರಿ, ರೈ ಧಾನ್ಯ, ಓಕ್ ಮರದ ಕಾಯಿ, ಹೀಗೆ ಸಿಕ್ಕಿದ್ದನ್ನು ಹುರಿದು ಪುಡಿ ಮಾಡಿಕೊಳ್ಳುತ್ತಿದ್ದರಂತೆ. ಅದಕ್ಕೆ 'ಸುರೊಗಾಟ್' ಎನ್ನುತ್ತಿದ್ದರು, ಅಂದರೆ ಬದಲಿ. ನಾನೂ ಮಾಡಲೇಬೇಕು ಅನ್ನಿಸಿತು.

ಡ್ಯಾಂಡೆಲಿಯನ್ ಬೇರು ಕೀಳಲು ಶರತ್ಕಾಲ ಒಳ್ಳೆಯದು. ಆಗ ಬೇರಿನಲ್ಲಿ ಇನ್ಯುಲಿನ್ ಎಂಬ ಪಿಷ್ಟದಂಥ ವಸ್ತು ತುಂಬಿಕೊಂಡಿರುತ್ತದೆ. ಹುರಿದಾಗ ಆ ಕಂದು ಬಣ್ಣ, ಸುಟ್ಟ ಸಕ್ಕರೆಯ ಪರಿಮಳ ಬರುವುದು ಹೆಚ್ಚಾಗಿ ಅದರಿಂದಲೇ. ನಮ್ಮ ಕಾಫಿಪುಡಿಗೆ ಬೆರೆಸುವ ಚಿಕೋರಿಯಲ್ಲೂ ಇದೇ ಇರುತ್ತದೆ, ಎರಡೂ ಸೂರ್ಯಕಾಂತಿ ಕುಟುಂಬದ ಗಿಡಗಳು. ರಸ್ತೆ ಬದಿಯದ್ದು, ಔಷಧಿ ಹೊಡೆದ ಹುಲ್ಲಿನದ್ದು ಮಾತ್ರ ಬೇಡ.

ಸಲಿಕೆಯಲ್ಲಿ ಅಗೆದರೆ ಬೇರು ನಡುವೆಯೇ ತುಂಡಾಗುತ್ತಿತ್ತು. ಮಳೆ ಬಂದ ಮರುದಿನ, ಹಲ್ಲಿನ ಫೋರ್ಕ್ ಊರಿ ಮೆಲ್ಲಗೆ ಎತ್ತಿದೆ. ಆಗ ಪೂರ್ತಿ ಬಂತು. ಒಂದು ಕಿಲೋ ಕೀಳಲು ಎರಡು ಗಂಟೆ ಹಿಡಿಯಿತು. ಬ್ರಷ್ ಹಾಕಿ ಮಣ್ಣು ತಿಕ್ಕುವಷ್ಟರಲ್ಲಿ ಬೇರಿನ ಹಾಲು ಅಂಟಿ ಬೆರಳೆಲ್ಲ ಕಂದಾಯಿತು. ಸಣ್ಣಗೆ ಹೆಚ್ಚಿ, ಓವನ್ ಅನ್ನು 70 ಡಿಗ್ರಿಗೆ ಇಟ್ಟು, ಬಾಗಿಲು ಸ್ವಲ್ಪ ತೆರೆದು ಒಣಗಿಸಿದೆ. ಉಳಿದದ್ದು 230 ಗ್ರಾಂ.

ಮೊದಲ ಅರ್ಧವನ್ನು 200 ಡಿಗ್ರಿಯಲ್ಲಿ ಹುರಿದೆ. ನಡುವೆ ಫೋನ್ ಬಂತು. ವಾಪಸ್ ಬರುವಷ್ಟರಲ್ಲಿ ಎಲ್ಲ ಇದ್ದಿಲಾಗಿತ್ತು. ಒಂದು ಗಂಟೆ ಬಗ್ಗಿ ಅಗೆದದ್ದನ್ನು ಕಸಕ್ಕೆ ಸುರಿಯುವಾಗ ಹೊಟ್ಟೆ ಉರಿಯಿತು. ಕೂಪನ್ ಮುಗಿದು ಇದೊಂದೇ ಉಳಿದಿದ್ದ ಮನೆಯಲ್ಲಿ ಹೀಗಾಗಿದ್ದರೆ ಆ ತಾಯಿಗೆ ಏನಾಗುತ್ತಿತ್ತೋ. ಉಳಿದರ್ಧಕ್ಕೆ 170 ಡಿಗ್ರಿ ಸಾಕಾಯಿತು. ಐದೈದು ನಿಮಿಷಕ್ಕೆ ಕೈಯಾಡಿಸುತ್ತ ಅರ್ಧ ಗಂಟೆ ಅಲ್ಲೇ ನಿಂತೆ. ಮುರಿದರೆ ಟಪ್ಪೆಂದು ಮುರಿಯಬೇಕು, ಒಳಗೂ ಕಂದಾಗಿರಬೇಕು.

ನಮ್ಮ ಸ್ಟೀಲ್ ಫಿಲ್ಟರ್‌ಗೆ ಹಾಕಿದೆ, ಡಿಕಾಕ್ಷನ್ ಇಳಿಯಲೇ ಇಲ್ಲ. ಪುಡಿ ನೀರು ಹೀರಿ ಅಂಟಾಗಿತ್ತು. ಇಲ್ಲಿನವರ ಹಳೆಯ ಕ್ರಮದಲ್ಲೇ ಪಾತ್ರೆಯಲ್ಲಿ ಐದು ನಿಮಿಷ ಕುದಿಸಿ, ಗಸಿ ತಳಕ್ಕೆ ಇಳಿದ ಮೇಲೆ ಬಗ್ಗಿಸಿದೆ. ಬಣ್ಣ ಥೇಟ್ ಕಾಫಿ. ರುಚಿಯಲ್ಲಿ ಹುರಿದ ರಾಗಿಯ ನೆನಪು, ಕೊನೆಗೆ ಒಂದು ಹಿತವಾದ ಕಹಿ. ನಾಲ್ಕು ದಿನ ಬರೀ ಇದನ್ನೇ ಕುಡಿದೆ. ಎರಡನೇ ದಿನ ಮಧ್ಯಾಹ್ನಕ್ಕೇ ತಲೆನೋವು ಶುರುವಾಯಿತು. ಇದರಲ್ಲಿ ಕೆಫೀನ್ ಇಲ್ಲ ನೋಡಿ.

ಐದನೇ ದಿನ ಅಜ್ಜಿಗೆ ಫ್ಲಾಸ್ಕಿನಲ್ಲಿ ಒಯ್ದೆ. ಒಂದು ಗುಟುಕು ಕುಡಿದು, "ಅಮ್ಮ ಇದಕ್ಕೆ ಒಂದು ಚಮಚ ನಿಜವಾದ ಕಾಫಿ ಸೇರಿಸೋರು. ಕೂಪನ್ ತಿಂಗಳಿಡೀ ಬರಬೇಕಲ್ಲ" ಎಂದರು. ಹಾಗೇ ಮಾಡಿದೆ. ಬೇರಿನ ಪುಡಿ ಮೂರು ಚಮಚ, ಚಿಕ್ಕಮಗಳೂರಿನ ಪುಡಿ ಒಂದು ಚಮಚ. ಈ ಸಲ ಅಜ್ಜಿ ಬಸಿಗೆ ಸುರಿದುಕೊಂಡರು. ಸಕ್ಕರೆ ಗಟ್ಟಿಯೊಂದನ್ನು ಹಲ್ಲಿನ ನಡುವೆ ಇಟ್ಟು ನಿಧಾನವಾಗಿ ಹೀರಿದರು. ಬಸಿ ಖಾಲಿಯಾದ ಮೇಲೆ ಇನ್ನೊಂದಿಷ್ಟು ಬಗ್ಗಿಸು ಎಂದು ಮುಂದೆ ಚಾಚಿದರು.