ಹಾಸ್ಟೆಲ್, ಪಿಜಿಯಲ್ಲಿರುವವರು ಇವತ್ತೇ ಎಕ್ಸ್‌ಟೆನ್ಷನ್ ಬೋರ್ಡ್ ನೋಡಿ

ಹೊಸದಾಗಿ ಹಾಸ್ಟೆಲ್, ಪಿಜಿ ಸೇರಿದವರೇ, ರೂಮಿನ ಎಕ್ಸ್‌ಟೆನ್ಷನ್ ಬೋರ್ಡ್ ಒಮ್ಮೆ ತಿರುಗಿಸಿ ನೋಡಿ. ಸಾಮಾನ್ಯವಾಗಿ 6 ಆಂಪ್ ಅಂತ ಬರೆದಿರುತ್ತದೆ. ನಮ್ಮ 230 ವೋಲ್ಟ್ ಲೆಕ್ಕದಲ್ಲಿ ಅದು ತಡೆಯುವುದು 1380 ವ್ಯಾಟ್ ಮಾತ್ರ. ನೀರು ಕಾಯಿಸಲು ಬಕೆಟ್ಟಿಗೆ ಹಾಕುವ ಕಾಯಿಲ್ ಒಂದೇ ಸಾಮಾನ್ಯವಾಗಿ 1500 ವ್ಯಾಟ್ ಎಳೆಯುತ್ತದೆ! ನಾನು ಪಿಜಿಯಲ್ಲಿದ್ದಾಗ ರೂಮ್‌ಮೇಟ್ ಕಾಯಿಲ್ ಹಾಕಿ ತಿಂಡಿಗೆ ಕೆಳಗೆ ಹೋಗಿದ್ದ. ವಾಪಸ್ ಬರುವಷ್ಟರಲ್ಲಿ ಬೋರ್ಡಿನ ತೂತುಗಳ ಸುತ್ತ ಪ್ಲಾಸ್ಟಿಕ್ ಕಂದಾಗಿ ಮೆತ್ತಗಾಗಿತ್ತು. ಒಂದು ಗೇಣು ಆಚೆ ಹಾಸಿಗೆ. ಆ ಸುಟ್ಟ ವಾಸನೆ ಇನ್ನೂ ಮರೆತಿಲ್ಲ. ಕಾಯಿಲ್, ಇಂಡಕ್ಷನ್ ಸ್ಟವ್ ಏನಿದ್ದರೂ ಗೋಡೆಯ 16 ಆಂಪ್ ಸಾಕೆಟ್ಟಿಗೇ ಹಾಕಿ, ಅಲ್ಲೇ ಇರಿ. ಆ ಸಾಕೆಟ್ ಇಲ್ಲದಿದ್ದರೆ ಬೇಡವೇ ಬೇಡ.

ಬೆಂಕಿ ಬಿದ್ದಾಗ ಜೀವ ತೆಗೆಯುವುದು ಹೆಚ್ಚಾಗಿ ಹೊಗೆ. ಬಾಗಿಲು ತೆಗೆಯುವ ಮುಂಚೆ ಕೈಯ ಹಿಂಬದಿಯಿಂದ ಮುಟ್ಟಿ ನೋಡಿ. ಬಿಸಿಯಿದ್ದರೆ ತೆಗೆಯಬೇಡಿ, ಒದ್ದೆ ಟವೆಲ್ ಸಂದಿಗೆ ತುರುಕಿ, ಕಿಟಕಿ ಹತ್ತಿರ ನಿಂತು ಕೂಗಿ, 112ಕ್ಕೋ 101ಕ್ಕೋ ಫೋನ್ ಮಾಡಿ. ದಾರಿಯಿದ್ದರೆ ಬಗ್ಗಿಕೊಂಡು, ಬೇಕಾದರೆ ತೆವಳಿಕೊಂಡು ಮೆಟ್ಟಿಲಿಂದಲೇ ಇಳಿಯಿರಿ, ಬಾಗಿಲು ಎಳೆದುಕೊಂಡೇ ಬನ್ನಿ. ಲಿಫ್ಟ್ ಬೇಡ. ಲ್ಯಾಪ್‌ಟಾಪ್, ಮಾರ್ಕ್ಸ್ ಕಾರ್ಡ್‌ಗಾಗಿ ವಾಪಸ್ ಹೋಗಬೇಡಿ.

ರಾತ್ರಿ ಗೇಟಿಗೆ, ಟೆರೇಸಿಗೆ ಬೀಗ ಹಾಕುವ ಪಿಜಿಗಳು ಬಹಳ. ಕೀ ಯಾರ ಹತ್ತಿರ ಇರುತ್ತದೆ, ಅವರು ಎಲ್ಲಿ ಮಲಗುತ್ತಾರೆ ಅಂತ ಇವತ್ತು ಸಂಜೆಯೇ ಕೇಳಿಕೊಳ್ಳಿ.