‘ರಿ.’ ಹಿಡಿದು ಹೊರಟ ನಕ್ಷೆ

ಉಡುಪಿ ಜಿಲ್ಲೆಯ ಯಾವ ಊರಿಗೆ ಹೋದರೂ ಬಸ್ ತಂಗುದಾಣದ ಮೇಲೆ ಒಂದು ಯುವಕ ಮಂಡಲದ್ದೋ ಗೆಳೆಯರ ಬಳಗದ್ದೋ ಹೆಸರು ಕಾಣುತ್ತದೆ. ಕೊನೆಗೊಂದು ‘(ರಿ.)’. ನೋಂದಣಿ ಆಗಿದೆ ಅಂದಮೇಲೆ ಸರ್ಕಾರದ ಪುಸ್ತಕದಲ್ಲೂ ಇರಲೇಬೇಕು, ಅಲ್ವಾ? ಆ ಪುಸ್ತಕ ಇಟ್ಟುಕೊಂಡೇ ಗ್ರಾಮವಾರು ನಕ್ಷೆ ಮಾಡಲು ಕೂತೆ.

ಇಲ್ಲಿನ ಹೆಚ್ಚಿನ ಸಂಘಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಬರುತ್ತವೆ. ಏಳು ಜನ ಸೇರಿದರೆ ಸಾಕು, ಸಂಘ ಮಾಡಬಹುದು. ದಾಖಲೆ ಇರುವುದು ಸಹಕಾರ ಇಲಾಖೆಯ ಕಡೆಯ ಜಿಲ್ಲಾ ನೋಂದಣಾಧಿಕಾರಿಗಳ ಹತ್ತಿರ. ಮಾಹಿತಿ ಹಕ್ಕಿನಲ್ಲಿ ಕೇಳಿದೆ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ವಿಷಯವೂ ಒಂದೇ ಇರಬೇಕು. ಹಾಗಾಗಿ ಹೆಸರು, ನೋಂದಣಿ ಸಂಖ್ಯೆ, ದಿನಾಂಕ, ವಿಳಾಸ, ಜೊತೆಗೆ ಕೊನೆಯ ಸಲ ಲೆಕ್ಕಪತ್ರ ಕೊಟ್ಟ ವರ್ಷ, ಇಷ್ಟೇ ಕೇಳಿದ್ದು.

ಆ ಕೊನೆಯ ಕಾಲಮ್ಮೇ ಮುಖ್ಯ. ರಿಜಿಸ್ಟರಿನಲ್ಲಿ ಸಂಘ ಹುಟ್ಟಿದ್ದು ಬರೆದಿರುತ್ತದೆ, ಸತ್ತದ್ದನ್ನು ಯಾರೂ ಹೋಗಿ ಬರೆಸುವುದಿಲ್ಲ. ಆದರೆ ಪ್ರತಿ ವರ್ಷ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರ ಸಲ್ಲಿಸಬೇಕೆಂದು ಕಾಯ್ದೆಯ 13ನೇ ಕಲಂ ಹೇಳುತ್ತದೆ. ಇತ್ತೀಚೆಗೆ ಕೊಟ್ಟವರಿಗೆ ಗಾಢ ಚುಕ್ಕೆ, ಉಳಿದವರಿಗೆ ತಿಳಿ ಚುಕ್ಕೆ ಹಾಕಿದೆ. ತಿಳಿ ಚುಕ್ಕೆ ಅಂದರೆ ಸಂಘ ಮುಚ್ಚಿದೆ ಅಂತಲ್ಲ. ಅನುದಾನಕ್ಕೆ ಅರ್ಜಿ ಹಾಕುವ ಹೊತ್ತಿಗೆ ಹಳೇ ವರ್ಷಗಳದ್ದೆಲ್ಲ ಒಟ್ಟಿಗೆ ದಂಡ ಕಟ್ಟಿ ಕೊಡುವವರೇ ಜಾಸ್ತಿ.

ಹೆಚ್ಚು ಹೊತ್ತು ತಿಂದದ್ದು ವಿಳಾಸ. ‘ಕೇರಾಫ್ ಇಂಥವರು, ಹೊಸಮನೆ, ಇಂಥ ಗ್ರಾಮ ಮತ್ತು ಅಂಚೆ’ ಅಂತ ಇರುತ್ತದೆ. ಅದು ಸಂಘದ ಕಟ್ಟಡವಲ್ಲ, ನೋಂದಣಿ ಮಾಡಿಸಿದಾಗ ಕಾರ್ಯದರ್ಶಿ ಆಗಿದ್ದವರ ಮನೆ. ಪಿನ್‌ಕೋಡ್ ನಂಬಿ ಚುಕ್ಕೆ ಇಟ್ಟರೆ 574104 ಇರುವ ಹಳ್ಳಿ ಸಂಘಗಳೆಲ್ಲ ಕಾರ್ಕಳ ಪೇಟೆಯಲ್ಲೇ ರಾಶಿ ಬೀಳುತ್ತವೆ. ತಾಲ್ಲೂಕನ್ನೂ ನಂಬುವಂತಿಲ್ಲ. 1997ರಲ್ಲಿ ಜಿಲ್ಲೆ ಆದಾಗ ಇದ್ದದ್ದು ಉಡುಪಿ, ಕುಂದಾಪುರ, ಕಾರ್ಕಳ ಮೂರೇ. ಆಮೇಲೆ ಬೈಂದೂರು, ಬ್ರಹ್ಮಾವರ, ಕಾಪು, ಹೆಬ್ರಿ ಬಂದವು. 1997ಕ್ಕಿಂತ ಹಳೆಯ ಸಂಘಗಳ ಕಾಗದದಲ್ಲಿ ಜಿಲ್ಲೆಯೇ ದಕ್ಷಿಣ ಕನ್ನಡ. ಗ್ರಾಮದ ಹೆಸರು ಮಾತ್ರ ಬದಲಾಗಿರಲಿಲ್ಲ. ಅದನ್ನೇ ಹಿಡಿದು ಪಂಚಾಯತ್ ರಾಜ್ ಸಚಿವಾಲಯದ ಗ್ರಾಮ ಸಂಕೇತಗಳಿಗೆ ಒಂದೊಂದಾಗಿ ಜೋಡಿಸಿದೆ. ಕಂಪ್ಯೂಟರಿಗೆ ಬಿಟ್ಟರೆ ‘ಶ್ರೀ ವಿನಾಯಕ’ ಅಂತ ಶುರುವಾಗುವುದೆಲ್ಲ ಒಂದೇ ಸಂಘ ಅಂದುಕೊಳ್ಳುತ್ತದೆ.

ತಿಳಿ ಚುಕ್ಕೆಗಳಲ್ಲಿ ಯಾವುದಕ್ಕೆ ಜೀವ ಇದೆ ಅಂತ ನೋಡಲು ಎರಡು ದಾಖಲೆ ಬಳಸಿದೆ. ಒಂದು, ಗ್ರಾಮ ಪಂಚಾಯಿತಿಯ ತೆರಿಗೆ ವಹಿ. ಸ್ವಂತ ಕಟ್ಟಡ ಇದ್ದರೆ ಅಲ್ಲಿ ಸಿಗುತ್ತದೆ. ಇನ್ನೊಂದು, ಠಾಣೆಯಲ್ಲಿ ಮೈಕಿಗೆ ಪರವಾನಗಿ ಕೇಳಿದ ಅರ್ಜಿಗಳು. ಸಂಘದ ಹೆಸರು, ದಿನಾಂಕ, ಶಾಲಾ ಮೈದಾನ, ‘ವಾರ್ಷಿಕೋತ್ಸವದ ಪ್ರಯುಕ್ತ ಯಕ್ಷಗಾನ’. ನನ್ನ ಲೆಕ್ಕದಲ್ಲಿ ಬ್ಯಾಲೆನ್ಸ್ ಶೀಟಿಗಿಂತ ಇದೇ ಗಟ್ಟಿ ಸಾಕ್ಷಿ. ಲೆಕ್ಕ ಕೊಡದೆ ವರ್ಷಗಟ್ಟಲೆ ಕೂತ ಸಂಘವೂ ಆಟ (ಯಕ್ಷಗಾನ) ಆಡಿಸುವುದು ಬಿಟ್ಟಿರುವುದಿಲ್ಲ.

ಟ್ರಸ್ಟ್‌ಗಳ ಪತ್ರ ಉಪನೋಂದಣಿ ಕಚೇರಿಯಲ್ಲಿ ಆಗುವುದರಿಂದ ಅವನ್ನು ಬೇರೆಯೇ ಪದರವಾಗಿ ಇಟ್ಟೆ. ಸ್ವಯಂಸೇವಾ ಸಂಸ್ಥೆಗಳಿಗಾಗಿ ಇರುವ ನೀತಿ ಆಯೋಗದ ದರ್ಪಣ್ ಪಟ್ಟಿಯನ್ನೂ ನೋಡಿದೆ. ಸರ್ಕಾರದ ಅನುದಾನ ಬೇಕಾದವರು ಅದರಲ್ಲಿ ಹೆಸರು ಹಾಕಿಸುತ್ತಾರೆ, ಊರಿನ ಭಜನಾ ಮಂಡಳಿಗೆ ಅದರ ಗೊಡವೆ ಯಾಕೆ?

ಬರೀ ಸಂಖ್ಯೆ ತೋರಿಸಿದಾಗ ಉಡುಪಿ, ಮಣಿಪಾಲವೇ ದೊಡ್ಡದಾಗಿ ಕಾಣುತ್ತಿತ್ತು. 2011ರ ಜನಗಣತಿಯ ಗ್ರಾಮವಾರು ಜನಸಂಖ್ಯೆಯಿಂದ ಭಾಗಿಸಿದ ಮೇಲೆ ಪೇಟೆ ಕುಗ್ಗಿ ಕರಾವಳಿಯ ಸಣ್ಣ ಗ್ರಾಮಗಳು ಎದ್ದು ಕಂಡವು. ಘಟ್ಟದ ಬುಡದಲ್ಲಿ ಚುಕ್ಕೆ ಕಡಿಮೆ. ಅಲ್ಲಿ ನೋಂದಣಿಯೇ ಇಲ್ಲದೆ ನಡೆಯುವ ಭಜನಾ ಮಂಡಳಿಗಳಿವೆ, ಈ ವಿಧಾನಕ್ಕೆ ಅವು ಸಿಗುವುದಿಲ್ಲ. ಊರಿನ ದೇವಸ್ಥಾನಕ್ಕೆ, ಶಾಲೆಗೆ ದುಡ್ಡು ಕಳಿಸುವ ಮುಂಬೈ ಸಮಿತಿಗಳೂ ಸಿಗುವುದಿಲ್ಲ. ಅವುಗಳಲ್ಲಿ ನೋಂದಣಿ ಆದವುಗಳ ಕಡತ ಮಹಾರಾಷ್ಟ್ರದ ಚಾರಿಟಿ ಕಮಿಷನರ್ ಕಚೇರಿಯಲ್ಲಿ ಇರುತ್ತದೆ. ನಕ್ಷೆಯ ಕೆಳಗೆ ಇವೆರಡನ್ನೂ ಬರೆದಿದ್ದೇನೆ. ಕಾರ್ಯದರ್ಶಿಗಳ ಮನೆ ವಿಳಾಸ ತೆಗೆದು, ಚುಕ್ಕೆಗಳನ್ನು ಗ್ರಾಮದ ನಡುವಿಗೆ ಸರಿಸಿ ಹಂಚಿದೆ.